ಹಳೆ ಲಾರಿ, ಜೀಪಿಗೆ ಬೇರೆ ಡೀಸೆಲ್ ಇಂಜಿನ್ ಕೂರಿಸುವ ಮುನ್ನ: ಎವರೇಜ್ ಮತ್ತು ಗೇರ್ ಲೆಕ್ಕದ ಪೂರ್ತಿ ಮಾಹಿತಿ

ಠಾಣಾ ಕುಶನೂರ: ಸೋಯಾ, ತೊಗರಿ ಚೀಲ ಭಾಲ್ಕಿ ಮಾರ್ಕೆಟ್‌ಗೆ ಹೋಗಬೇಕು, ಕಬ್ಬು ಕಾರ್ಖಾನೆಗೆ ಹೋಗಬೇಕು, ಅಂಗಡಿ ಮಾಲು ಬೀದರ್‌ನಿಂದ ಊರಿಗೆ ಬರಬೇಕು. ಹೊಸ ಗಾಡಿ ಕೊಳ್ಳಲು ಕೈಲಾಗದವರು ಹಳೆ ಲಾರಿ, ಹಳೆ ಜೀಪನ್ನೇ ರಿಪೇರಿ ಮಾಡಿಸಿ ಓಡಿಸುತ್ತಾರೆ. ಇಂಜಿನ್ ಪೂರ್ತಿ ಸವೆದಾಗ ಗುಜರಿಯಿಂದ ಬೇರೆ ಡೀಸೆಲ್ ಇಂಜಿನ್ ತಂದು ಕೂರಿಸುವ ಮಾತು ಬರುತ್ತದೆ. ಆಗ ಮೊದಲು ಬರುವ ಪ್ರಶ್ನೆ ಒಂದೇ: ‘ಎವರೇಜ್ ಎಷ್ಟು ಕೊಡ್ತದ?’

ಬರೀ ಇಂಜಿನ್ ನೋಡಿ ಇದಕ್ಕೆ ಉತ್ತರ ಹೇಳೋಕೆ ಬರಲ್ಲ. ಹಿಂದಿನ ಹೌಸಿಂಗ್ ಒಳಗಿನ ಕ್ರೌನ್-ಪಿನಿಯನ್, ಗೇರ್‌ಬಾಕ್ಸ್, ಟೈರ್ ಸೈಜ್ ಮೂರನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಲೆಕ್ಕ ತಪ್ಪಿದರೆ ಒಳ್ಳೆ ಇಂಜಿನ್ ಹಾಕಿಯೂ ಗಾಡಿ 50ಕ್ಕೇ ಕಿರುಚುತ್ತದೆ, ಟ್ಯಾಂಕ್ ಬೇಗ ಖಾಲಿಯಾಗುತ್ತದೆ. ಮಾಡಿಸುವ ಮೊದಲು ತಿಳಿದಿರಬೇಕಾದ್ದನ್ನು ಇಲ್ಲಿ ಒಂದೊಂದಾಗಿ ಕೊಡಲಾಗಿದೆ.

ಇದು ಹೊಸ ರೂಢಿ ಅಲ್ಲ

1950ರ ದಶಕದವರೆಗೆ ನಮ್ಮ ದೇಶದ ಲಾರಿಗಳಲ್ಲಿ ಪೆಟ್ರೋಲ್ ಇಂಜಿನ್ ಸಾಮಾನ್ಯವಾಗಿತ್ತು. ಡಾಡ್ಜ್, ಫಾರ್ಗೊ, ಬೆಡ್‌ಫೋರ್ಡ್ ಗಾಡಿಗಳು ಆ ಕಾಲದವು. ಅದೇ ದಶಕದಲ್ಲಿ ಮದ್ರಾಸಿನ ಸಿಂಪ್ಸನ್ ಕಂಪನಿ ಇಂಗ್ಲೆಂಡಿನ ಪರ್ಕಿನ್ಸ್ ಕಂಪನಿಯ ಪಿ6 ಡೀಸೆಲ್ ಇಂಜಿನ್ ತಯಾರಿಸಲು ಶುರು ಮಾಡಿತು. ಆರು ಸಿಲಿಂಡರ್, ಸುಮಾರು 4.7 ಲೀಟರ್, 2400 ಆರ್‌ಪಿಎಂಗೆ ಸುಮಾರು 83 ಹಾರ್ಸ್‌ಪವರ್ ಇದರ ಲೆಕ್ಕ. ಪೆಟ್ರೋಲ್ ಲಾರಿಯ ಇಂಜಿನ್ ಇಳಿಸಿ ಪಿ6 ಕೂರಿಸುವುದು ಆಗ ಮಾಮೂಲಿ ಕೆಲಸವಾಯಿತು. 1954ರಲ್ಲಿ ಜಮ್ಶೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಡೀಸೆಲ್ ಲಾರಿ ಬಂದ ಮೇಲೆ ಹೊಸ ಗಾಡಿಗಳೇ ಡೀಸೆಲ್‌ನಲ್ಲಿ ಸಿಗತೊಡಗಿದವು. ಮುಂದೆ ಪೆಟ್ರೋಲ್ ಜೀಪುಗಳಿಗೂ ಡೀಸೆಲ್ ಇಂಜಿನ್ ಕೂರಿಸುವ ಕೆಲಸ ಊರೂರಿನ ಮಿಸ್ತ್ರಿಗಳ ಕೈಗೆ ಬಂತು.

ಡೀಸೆಲ್‌ಗೆ ಎವರೇಜ್ ಜಾಸ್ತಿ ಯಾಕೆ

ಹಳೆ ಪೆಟ್ರೋಲ್ ಇಂಜಿನ್‌ನ ಕಂಪ್ರೆಶನ್ 6ರಿಂದ 7ರ ಆಸುಪಾಸು. ಡೀಸೆಲ್‌ನದು 16ರಿಂದ 22. ಹೆಚ್ಚು ಒತ್ತಿ ಸುಟ್ಟಷ್ಟೂ ಅದೇ ಎಣ್ಣೆಯಿಂದ ಹೆಚ್ಚು ಕೆಲಸ ಸಿಗುತ್ತದೆ. ಡೀಸೆಲ್ ಇಂಜಿನ್ ಗಾಳಿಯನ್ನು ಥ್ರಾಟಲ್‌ನಿಂದ ಅಡ್ಡಗಟ್ಟಲ್ಲ, ಹಾಗಾಗಿ ಅರ್ಧ ಲೋಡ್‌ನಲ್ಲೂ ಉಳಿತಾಯ. ಜೊತೆಗೆ ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಶೇ 10ಕ್ಕೂ ಹೆಚ್ಚು ಶಕ್ತಿ ಇರುತ್ತದೆ.

ಆದರೆ ಹಳೆ ಡೀಸೆಲ್ ಇಂಜಿನ್ ನಿಧಾನದ ಇಂಜಿನ್. ಅದರ ಎಳೆತ ಕಡಿಮೆ ಆರ್‌ಪಿಎಂನಲ್ಲೇ ಸಿಗುತ್ತದೆ, ಉಳಿತಾಯವೂ ಅಲ್ಲೇ. ಮೇಲಿನ ಆರ್‌ಪಿಎಂಗೆ ಓಡಿಸಿದರೆ ಪಿಸ್ಟನ್, ಬೇರಿಂಗ್, ಪಂಪ್‌ಗಳ ತಿಕ್ಕಾಟಕ್ಕೇ ಡೀಸೆಲ್ ಖರ್ಚಾಗುತ್ತದೆ.

ಲೆಕ್ಕ ಎಲ್ಲಿ ತಪ್ಪುತ್ತದೆ: ಜೀಪಿನ ಉದಾಹರಣೆ

ಸೂತ್ರ ಸರಳ. ಇಂಜಿನ್ ಆರ್‌ಪಿಎಂ ಅನ್ನು ಎಕ್ಸೆಲ್ ರೇಶಿಯೋದಿಂದ ಭಾಗಿಸಿ, ಟೈರಿನ ಸುತ್ತಳತೆಯ ಮೀಟರ್‌ನಿಂದ ಗುಣಿಸಿ. ಅದು ಒಂದು ನಿಮಿಷಕ್ಕೆ ಗಾಡಿ ಹೋಗುವ ದೂರ. 60ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಗಂಟೆಗೆ ಕಿಲೋಮೀಟರ್. ಟಾಪ್ ಗೇರ್ ನೇರ ಇದ್ದರೆ, ಅಂದರೆ 1:1 ಇದ್ದರೆ, ಇಷ್ಟು ಸಾಕು.

ಹಳೆ ವಿಲ್ಲೀಸ್ ಮಾದರಿ ಪೆಟ್ರೋಲ್ ಜೀಪಿನ ಎಕ್ಸೆಲ್ ರೇಶಿಯೋ 5.38. 6.00-16 ಟೈರಿನ ಸುತ್ತಳತೆ ಸುಮಾರು 2.2 ಮೀಟರ್. ಪೆಟ್ರೋಲ್ ಇಂಜಿನ್ 4000 ಆರ್‌ಪಿಎಂ ತಿರುಗಿದಾಗ ವೇಗ ಸುಮಾರು 98 ಕಿ.ಮೀ. ಅಂದರೆ ಆ ಎಕ್ಸೆಲ್ ಜೋರಾಗಿ ತಿರುಗುವ ಇಂಜಿನ್‌ಗೆ ಮಾಡಿದ್ದು.

ಅದೇ ಜೀಪಿಗೆ 3200 ಆರ್‌ಪಿಎಂಗೇ ಪೂರ್ತಿ ಶಕ್ತಿ ಮುಗಿಯುವ ಡೀಸೆಲ್ ಇಂಜಿನ್ ಹಾಕಿದರೆ ಎಷ್ಟು ಒತ್ತಿದರೂ 78ರ ಮೇಲೆ ಹೋಗಲ್ಲ. ಡೀಸೆಲ್ ಉಳಿಯುವ 2000 ಆರ್‌ಪಿಎಂನಲ್ಲಿ ವೇಗ ಬರೀ 49. ರಸ್ತೆಯಲ್ಲಿ ಯಾರೂ 49ರಲ್ಲಿ ಹೋಗಲ್ಲ, 60-65ಕ್ಕೆ ಒತ್ತುತ್ತಾರೆ. ಆಗ ಇಂಜಿನ್ ಸದಾ 2500ರ ಆಸುಪಾಸು. ‘ಡೀಸೆಲ್ ಹಾಕಿದ್ರೂ ಎವರೇಜ್ ಬರಲಿಲ್ಲ’ ಅನ್ನುವ ದೂರಿನ ಮೂಲ ಎಷ್ಟೋ ಸಲ ಇದೇ.

ಎಕ್ಸೆಲ್ 4.27 ರೇಶಿಯೋದ್ದಾದರೆ 2000 ಆರ್‌ಪಿಎಂಗೆ 62 ಕಿ.ಮೀ. ಸಿಗುತ್ತದೆ. ಫೋರ್ ವೀಲ್ ಜೀಪಿನವರಿಗೆ ಒಂದು ಎಚ್ಚರಿಕೆ: ಮುಂದಿನ, ಹಿಂದಿನ ಎರಡೂ ಎಕ್ಸೆಲ್ ಒಂದೇ ರೇಶಿಯೋದ್ದು ಇರಬೇಕು. ಹಿಂದಿನದು ಮಾತ್ರ ಬದಲಿಸಿ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ.

ಲಾರಿಯಲ್ಲಿ 6/41 ಮತ್ತು 7/41

ಹಳೆ ಲಾರಿಗಳ ಬಿಡಿಭಾಗದ ಅಂಗಡಿಯಲ್ಲಿ ‘6/41 ಬೇಕಾ, 7/41 ಬೇಕಾ’ ಅಂತ ಕೇಳುತ್ತಾರೆ. ಮೊದಲನೆಯದು ಪಿನಿಯನ್ ಹಲ್ಲು, ಎರಡನೆಯದು ಕ್ರೌನ್ ಹಲ್ಲು. 41ನ್ನು 6ರಿಂದ ಭಾಗಿಸಿದರೆ 6.83, 7ರಿಂದ ಭಾಗಿಸಿದರೆ 5.86. ಇದೇ ಎಕ್ಸೆಲ್ ರೇಶಿಯೋ.

9.00-20 ಟೈರ್‌ಗೆ ಲೋಡ್ ಇದ್ದಾಗಿನ ಸುತ್ತಳತೆ 3.1 ಮೀಟರ್ ಅಂತ ಹಿಡಿಯಿರಿ. 50 ಕಿ.ಮೀ. ವೇಗಕ್ಕೆ 6/41ರಲ್ಲಿ ಇಂಜಿನ್ ಸುಮಾರು 1840 ಆರ್‌ಪಿಎಂ ತಿರುಗಬೇಕು. 7/41ರಲ್ಲಿ ಸುಮಾರು 1575 ಸಾಕು. ಅದೇ ವೇಗ, ಅದೇ ಮಾಲು, ನಿಮಿಷಕ್ಕೆ 260 ಸುತ್ತು ಕಡಿಮೆ.

ನಿಮ್ಮ ಗಾಡಿಯ ರೇಶಿಯೋ ತಿಳಿಯೋದು ಹೇಗೆ

ಹೌಸಿಂಗ್ ಬಿಚ್ಚದೆಯೇ ತಿಳಿಯಬಹುದು. ಸಮತಟ್ಟು ಜಾಗದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಬದಿಯನ್ನು ಮಾತ್ರ ಜ್ಯಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಟೈರಿಗೂ ಜಾಯಿಂಟ್ ಶಾಫ್ಟ್‌ಗೂ ಸೀಮೆಸುಣ್ಣದ ಗುರುತು ಹಾಕಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಣಿಸಿ. ಏಳಕ್ಕೆ ಸ್ವಲ್ಪ ಕಡಿಮೆ ಬಂದರೆ 6/41, ಆರಕ್ಕೆ ಸ್ವಲ್ಪ ಕಡಿಮೆ ಬಂದರೆ 7/41. ಒಂದು ಚಕ್ರ ನಿಂತಿರುವಾಗ ಡಿಫರೆನ್ಶಿಯಲ್ ಅರ್ಧ ಸುತ್ತನ್ನು ನುಂಗುತ್ತದೆ, ಅದಕ್ಕೇ ಎರಡು ಸುತ್ತು.

ಟೈರ್ ಸುತ್ತಳತೆಗೆ ನೆಲಕ್ಕೂ ಟೈರಿಗೂ ಗುರುತು ಹಾಕಿ, ಲೋಡ್ ಇರುವಾಗ ಗಾಡಿಯನ್ನು ಒಂದು ಸುತ್ತು ಉರುಳಿಸಿ ಟೇಪ್‌ನಿಂದ ಅಳೆಯಿರಿ.

7/41 ಎಲ್ಲರಿಗೂ ಸರಿಯಲ್ಲ

ಹಾಗಾದರೆ ಎಲ್ಲರೂ 7/41 ಹಾಕಿಸಬೇಕಾ? ಇಲ್ಲ. ರೇಶಿಯೋ 6.83ರಿಂದ 5.86ಕ್ಕೆ ಇಳಿದರೆ ಪ್ರತಿ ಗೇರ್‌ನಲ್ಲೂ ಚಕ್ರಕ್ಕೆ ಸಿಗುವ ಎಳೆತ ಶೇ 14ರಷ್ಟು ಕಡಿಮೆ. ಹೊಲದ ಕಪ್ಪು ಮಣ್ಣಿನಿಂದ ಕಬ್ಬು ತುಂಬಿ ಹೊರಬರುವ ಲಾರಿಗೆ ಇದು ಕಷ್ಟ. ಫಸ್ಟ್ ಗೇರ್‌ನಲ್ಲೂ ಕ್ಲಚ್ ಉಜ್ಜಬೇಕಾಗುತ್ತದೆ, ಪ್ಲೇಟ್ ಬೇಗ ಹೋಗುತ್ತದೆ. ಏರಿನಲ್ಲಿ ಟಾಪ್ ಹಿಡಿಯದೆ ಪದೇ ಪದೇ ಥರ್ಡ್‌ಗೆ ಇಳಿಸಬೇಕು. ಇಳಿಸದೆ ಒತ್ತಿದರೆ ಕರಿ ಹೊಗೆ, ಜೊತೆಗೆ ಬೇರಿಂಗ್‌ಗೆ ಪೆಟ್ಟು. ಉಳಿದ ಡೀಸೆಲ್ ಅಲ್ಲೇ ಹೋಗುತ್ತದೆ.

ಇಳಿಜಾರಿನಲ್ಲೂ ಫರಕ್ ಇದೆ. ಬೀದರ್ ಗುಡ್ಡದ ಮೇಲಿಂದ ಮಾಂಜ್ರಾ ನದಿ ಕಡೆ ಇಳಿಯುವಾಗ ಇಂಜಿನ್ ಹಿಡಿತ ಮೊದಲಿಗಿಂತ ಕಡಿಮೆ ಸಿಗುತ್ತದೆ. ಮೊದಲು ಟಾಪ್‌ನಲ್ಲಿ ಇಳಿಯುತ್ತಿದ್ದವರು ಒಂದು ಗೇರ್ ಕೆಳಗೆ ಇಳಿಯಬೇಕು.

ಡಾಂಬರ್ ರಸ್ತೆಯಲ್ಲೇ ಹೆಚ್ಚು ಓಡಾಟ, ಹಗುರ ಮಾಲು ಇದ್ದರೆ 7/41 ಲಾಭ. ಹೊಲ, ಕಚ್ಚಾ ರಸ್ತೆ, ಭಾರಿ ಲೋಡ್ ಇದ್ದರೆ 6/41 ಇರಲಿ. ಎರಡೂ ಬೇಕು ಅನ್ನುವವರಿಗೆ ಓವರ್‌ಡ್ರೈವ್ ಇರುವ ಫೈವ್ ಸ್ಪೀಡ್ ಗೇರ್‌ಬಾಕ್ಸ್ ಒಂದು ದಾರಿ. ಕೆಳ ಗೇರ್ ಎಳೆತ ಹಾಗೇ ಇರುತ್ತದೆ, ಐದನೇ ಗೇರ್‌ನಲ್ಲಿ ಆರ್‌ಪಿಎಂ ಇಳಿಯುತ್ತದೆ. ಆದರೆ ಗೇರ್‌ಬಾಕ್ಸ್ ಉದ್ದ ಬೇರೆ ಆದರೆ ಜಾಯಿಂಟ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು.

ಮೀಟರ್ ನಂಬಿ ಎವರೇಜ್ ತೆಗೆಯಬೇಡಿ

ಹಳೆ ಗಾಡಿಗಳಲ್ಲಿ ಕಿಲೋಮೀಟರ್ ಮೀಟರ್‌ನ ಕೇಬಲ್ ಗೇರ್‌ಬಾಕ್ಸ್ ಹಿಂಭಾಗದಿಂದ ಬರುತ್ತದೆ. ಕ್ರೌನ್-ಪಿನಿಯನ್ ಬದಲಿಸಿದ್ದು ಮೀಟರ್‌ಗೆ ಗೊತ್ತಾಗಲ್ಲ. 6/41 ತೆಗೆದು 7/41 ಹಾಕಿದ ಮೇಲೆ ಗಾಡಿ ನಿಜವಾಗಿ 350 ಕಿ.ಮೀ. ಓಡಿದ್ದರೆ ಮೀಟರ್ 300 ಅಂತ ತೋರಿಸುತ್ತದೆ. 70 ಲೀಟರ್ ಹೋಗಿದ್ದರೆ ಮೀಟರ್ ಲೆಕ್ಕದಲ್ಲಿ ಎವರೇಜ್ 4.3, ನಿಜವಾದ್ದು 5. ‘ಖರ್ಚು ಮಾಡಿದ್ದು ದಂಡ ಆಯ್ತು’ ಅಂತ ಮಿಸ್ತ್ರಿ ಜೊತೆ ಜಗಳಕ್ಕೆ ಹೋಗುವ ಮೊದಲು ಮೀಟರ್ ಅಂಕಿಯನ್ನು 7ರಿಂದ ಗುಣಿಸಿ 6ರಿಂದ ಭಾಗಿಸಿ ನೋಡಿ. ದೊಡ್ಡ ಟೈರ್ ಹಾಕಿದರೂ ಮೀಟರ್ ಕಡಿಮೆಯೇ ತೋರಿಸುತ್ತದೆ.

ಸರಿಯಾದ ಕ್ರಮ: ಟ್ಯಾಂಕ್ ಫುಲ್ ಮಾಡಿಸಿ, ಕಿ.ಮೀ. ಕಲ್ಲು ಅಥವಾ ಮೊಬೈಲ್ ಮ್ಯಾಪ್‌ನಿಂದ ದೂರ ಅಳೆದು, ಅದೇ ಬಂಕ್‌ನಲ್ಲಿ ಮತ್ತೆ ಫುಲ್ ಮಾಡಿಸಿ. ಲೋಡ್ ಇದ್ದ ಟ್ರಿಪ್, ಖಾಲಿ ಟ್ರಿಪ್ ಬೇರೆ ಬೇರೆ ಬರೆದಿಡಿ. ಕನಿಷ್ಠ ನಾಲ್ಕೈದು ಸಲ ಮಾಡಿದರೆ ಮಾತ್ರ ನಂಬುವಂಥ ಅಂಕಿ ಸಿಗುತ್ತದೆ.

ಹಣದ ಲೆಕ್ಕ

ತಿಂಗಳಿಗೆ 1500 ಕಿ.ಮೀ. ಓಡುವ ಲಾರಿ ಅಂತ ಹಿಡಿಯಿರಿ. ಎವರೇಜ್ 4.5 ಇದ್ದರೆ 333 ಲೀಟರ್, 5 ಇದ್ದರೆ 300 ಲೀಟರ್. ಡೀಸೆಲ್ ಲೀಟರ್‌ಗೆ 90 ರೂ. ಲೆಕ್ಕದಲ್ಲಿ ತಿಂಗಳಿಗೆ ಸುಮಾರು 3000 ರೂ. ಉಳಿತಾಯ. ಕೆಲಸಕ್ಕೆ 45 ಸಾವಿರ ಖರ್ಚಾದರೆ ವಾಪಸ್ ಬರಲು 15 ತಿಂಗಳು ಬೇಕು. ವರ್ಷಕ್ಕೆ ಕಬ್ಬಿನ ಸೀಸನ್‌ನಲ್ಲಿ ಮಾತ್ರ ಓಡುವ ಗಾಡಿಗೆ ಇದು ಇನ್ನೂ ಉದ್ದ. ನಿಮ್ಮ ಅಂಕಿ ಹಾಕಿ ನೀವೇ ಲೆಕ್ಕ ಮಾಡಿ.

ಬ್ರೇಕ್ ವಿಷಯ ಮರೆಯಬೇಡಿ

ಪೆಟ್ರೋಲ್ ಗಾಡಿಯ ಬ್ರೇಕ್ ಬೂಸ್ಟರ್‌ಗೆ ಇಂಜಿನ್ ಮ್ಯಾನಿಫೋಲ್ಡ್‌ನಿಂದ ವ್ಯಾಕ್ಯೂಮ್ ಸಿಗುತ್ತದೆ. ಡೀಸೆಲ್‌ನಲ್ಲಿ ಥ್ರಾಟಲ್ ಇಲ್ಲ, ಆ ವ್ಯಾಕ್ಯೂಮ್ ಬರಲ್ಲ. ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಹಾಕದೆ ಬಿಟ್ಟರೆ ಪೆಡಲ್ ಕಲ್ಲಿನಂತೆ ಗಟ್ಟಿ. ಲೋಡ್ ಗಾಡಿ ನಿಲ್ಲಲ್ಲ. ಎವರೇಜ್ ನಂತರದ ಮಾತು, ಇದು ಜೀವದ ಮಾತು.

ಡೀಸೆಲ್ ಇಂಜಿನ್ ಭಾರ ಜಾಸ್ತಿ, ಮುಂದಿನ ಪಾಟಾ ಗಟ್ಟಿ ಮಾಡಿಸಬೇಕು. ಕೆಳ ಆರ್‌ಪಿಎಂ ಎಳೆತ ಹೆಚ್ಚಾದ್ದರಿಂದ ಹಳೆ ಗೇರ್‌ಬಾಕ್ಸ್, ಎಕ್ಸೆಲ್ ಶಾಫ್ಟ್ ತಡೆಯುತ್ತವಾ ನೋಡಬೇಕು. ರೇಡಿಯೇಟರ್, ಬ್ಯಾಟರಿ, ಸ್ಟಾರ್ಟರ್ ಕೂಡ ಡೀಸೆಲ್‌ಗೆ ತಕ್ಕದ್ದು ಬೇಕು.

ಕಾಗದ ಪತ್ರ

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ಮೇಕ್, ಅದೇ ವಿವರದ ಇಂಜಿನ್ ಹಾಕಲು ಆರ್‌ಟಿಒ ಅನುಮತಿಯೊಂದಿಗೆ ದಾರಿ ಇದೆ. ಪೆಟ್ರೋಲ್‌ನಿಂದ ಡೀಸೆಲ್‌ಗೆ, ಬೇರೆ ಕಂಪನಿಯ ಇಂಜಿನ್‌ಗೆ ಹೋಗುವುದು ಬೇರೆ ಮಾತು. ಲಿಖಿತ ಅನುಮತಿ ಕೈಗೆ ಬರದೆ ಕೆಲಸ ಶುರು ಮಾಡಿಸಬೇಡಿ. ಅಕ್ರಮ ಬದಲಾವಣೆಗೆ ಸೆಕ್ಷನ್ 182ಎ ಅಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5000 ರೂ. ದಂಡ, ಇಲ್ಲವೇ ಎರಡೂ ಆಗಬಹುದು.

ನಮ್ಮ ಜಿಲ್ಲೆಯಲ್ಲಿ ಕೆಎ-38 ಬೀದರ್ ಕಚೇರಿ, ಕೆಎ-39 ಭಾಲ್ಕಿ ಕಚೇರಿ. ನಿಮ್ಮ ಗಾಡಿ ಯಾವ ಕಚೇರಿಯಲ್ಲಿ ನೋಂದಣಿ ಆಗಿದೆಯೋ ಅಲ್ಲಿ ಮೊದಲು ವಿಚಾರಿಸಿ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಇದೆ. ಆರ್‌ಸಿಯ ಇಂಜಿನ್ ನಂಬರ್ ಹೊಂದದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಅಪಘಾತ ಆದರೆ ಇನ್ಶೂರೆನ್ಸ್ ಕ್ಲೈಮ್‌ಗೂ ತಕರಾರು.

50 ವರ್ಷ ದಾಟಿದ ಸ್ವಂತ ಬಳಕೆಯ ಜೀಪನ್ನು ವಿಂಟೇಜ್ ಅಂತ ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಹೊಸ ನೋಂದಣಿಗೆ 20 ಸಾವಿರ ರೂ. ಶುಲ್ಕ. ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಇಂಜಿನ್ ಬದಲಿಸಿದರೆ ಆ ದಾರಿ ಮುಚ್ಚಿಹೋಗುತ್ತದೆ. ಮನೆಯಲ್ಲಿ ಅಜ್ಜನ ಕಾಲದ ಗಾಡಿ ಇದ್ದವರು ಇದನ್ನು ಮೊದಲು ಯೋಚಿಸಿ.

ಅಡ್ವಾನ್ಸ್ ಕೊಡುವ ಮುನ್ನ ಕೇಳಬೇಕಾದ್ದು

1. ಬರುವ ಇಂಜಿನ್‌ನ ಗರಿಷ್ಠ ಆರ್‌ಪಿಎಂ ಎಷ್ಟು? ಎಳೆತ ಎಷ್ಟು ಆರ್‌ಪಿಎಂಗೆ?
2. ಈಗಿರುವ ಕ್ರೌನ್-ಪಿನಿಯನ್ ಎಷ್ಟು ಹಲ್ಲಿನದು? ಟಾಪ್ ಗೇರ್ ರೇಶಿಯೋ ಎಷ್ಟು?
3. ನೀವು ದಿನಾ ಓಡಿಸುವ ವೇಗಕ್ಕೆ ಆರ್‌ಪಿಎಂ ಎಷ್ಟು ಬರುತ್ತದೆ, ಚೀಟಿಯಲ್ಲಿ ಬರೆದು ಕೊಡ್ತಾರಾ?
4. ವ್ಯಾಕ್ಯೂಮ್ ಪಂಪ್ ಕೆಲಸದಲ್ಲಿ ಸೇರಿದೆಯಾ?
5. ಗುಜರಿ ಇಂಜಿನ್‌ಗೆ ನಂಬರ್ ಬರೆದ ಬಿಲ್ ಇದೆಯಾ? ಬಿಲ್ ಇಲ್ಲದ ಇಂಜಿನ್ ಕಳುವಿನದ್ದಾದರೆ ಪೊಲೀಸ್ ಕೇಸ್ ಗಾಡಿ ಮಾಲೀಕರ ಮೇಲೇ ಬರಬಹುದು.
6. ಆರ್‌ಟಿಒ ಅನುಮತಿ ಪತ್ರ ಕೈಗೆ ಬಂದಿದೆಯಾ?