ಏರಿದ ಗೇರಿನಲ್ಲೇ ಇಳಿಯಬೇಕು

ಇಂಡಿಯಾನಾದ ಕೊಲಂಬಸ್ ಬಳಿ ನಾನು ಕೆಲಸ ಮಾಡುವ ವರ್ಕ್‌ಶಾಪಿಗೆ ಪಿಕಪ್ ತರುವವರ ಮೊದಲ ಮಾತು ಬಹುಮಟ್ಟಿಗೆ ಒಂದೇ: ‘ಪವರ್ ಸ್ವಲ್ಪ ಏರಿಸಿಕೊಡಿ.’ ಹಳೆಯ ಟ್ರೈಲರ್ ಮಾರಿ ದೊಡ್ಡದನ್ನು ಕೊಂಡಿರುತ್ತಾರೆ. ಕುದುರೆಯೋ ಹುಲ್ಲಿನ ಪೆಂಡಿಯೋ ಟ್ರ್ಯಾಕ್ಟರೋ ಹೇರಿಕೊಂಡು ಹೊರಟರೆ ಏರಿನಲ್ಲಿ ಗಾಡಿಗೆ ದಮ್ಮು ಸಾಲುವುದಿಲ್ಲ. ಇಳಿಜಾರಿನ ಮಾತೆತ್ತುವವರು ಅಪರೂಪ. ರಾಣೆಬೆನ್ನೂರಿನ ಲಾರಿ ಮನೆತನದವನಾದ ನನಗೆ ಆ ಮೌನವೇ ಮೊದಲು ಕಿವಿಗೆ ಬೀಳುತ್ತದೆ. ಅಮೆರಿಕದ ಪಿಕಪ್ಪಿನ ನೂರು ವರ್ಷದ ಕಥೆಯೂ ಹೀಗೇ ಇದೆ. ಎಳೆಯುವ ಶಕ್ತಿ ಯಾವಾಗಲೂ ಮುಂದೆ ಓಡಿದೆ, ನಿಲ್ಲಿಸುವ ಬುದ್ಧಿ ಹಿಂದಿನಿಂದ ಏದುಸಿರು ಬಿಡುತ್ತ ಬಂದಿದೆ.

1914ರಲ್ಲಿ ಡೆಟ್ರಾಯಿಟ್‌ನ ಮರದ ವ್ಯಾಪಾರಿ ಫ್ರೆಡರಿಕ್ ಸಿಬ್ಲಿ ತನ್ನ ದೋಣಿಯನ್ನು ಫೋರ್ಡ್ ಮಾಡೆಲ್ ಟಿ ಕಾರಿನ ಹಿಂದೆ ಕಟ್ಟಿ ಸಾಗಿಸಬೇಕೆಂದು ಆಗಸ್ಟ್ ಫ್ರುಹಾಫ್ ಎಂಬ ಕಮ್ಮಾರನ ಹತ್ತಿರ ಹೋದ. ಫ್ರುಹಾಫ್ ಕುದುರೆಗಾಡಿ ಕಟ್ಟುವುದರಲ್ಲಿ ಪಳಗಿದವನು. ಅವನು ಮಾಡಿಕೊಟ್ಟ ಟ್ರೈಲರ್ ಎಷ್ಟು ಅನುಕೂಲವಾಯಿತೆಂದರೆ, ಸಿಬ್ಲಿ ಮರ ಸಾಗಿಸಲೂ ಅಂಥವನ್ನೇ ಕಟ್ಟಿಸಿಕೊಂಡ. ಮುಂದೆ ಫ್ರುಹಾಫ್ ಹೆಸರು ದೇಶದ ದೊಡ್ಡ ಟ್ರೈಲರ್ ಕಂಪನಿಯದಾಯಿತು. ಆದರೆ ಎಳೆದ ಆ ಕಾರನ್ನೂ ಒಮ್ಮೆ ನೋಡಬೇಕು. ಎಂಜಿನ್ ಶಕ್ತಿ 20 ಅಶ್ವಶಕ್ತಿ. ಕಾಲಿನ ಬ್ರೇಕ್ ಹಿಡಿಯುತ್ತಿದ್ದುದು ಚಕ್ರವನ್ನಲ್ಲ, ಗೇರ್‌ಬಾಕ್ಸಿನೊಳಗಿನ ಒಂದು ಪಟ್ಟಿಯನ್ನು. ಮುಂದಿನ ಚಕ್ರಗಳಿಗೆ ಬ್ರೇಕೇ ಇರಲಿಲ್ಲ.

ಭಾರದ ಹಸಿವು ಅಲ್ಲಿಂದ ಏರುತ್ತಲೇ ಹೋಯಿತು. 1917ರಲ್ಲಿ ಫೋರ್ಡ್ ಒಂದು ಟನ್ನಿನ ಮಾಡೆಲ್ ಟಿಟಿ ತಂದಿತು. 1925ರಲ್ಲಿ ಕಾರ್ಖಾನೆಯಲ್ಲೇ ಹಿಂದೆ ತೊಟ್ಟಿ ಕೂರಿಸಿದ ಪಿಕಪ್ಪನ್ನು 281 ಡಾಲರಿಗೆ ಮಾರಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಎಫ್ ಸರಣಿ ಬಂತು. ಇಂದಿಗೂ ರೈತರ ಬಾಯಲ್ಲಿರುವ ಎಫ್-250, ಎಫ್-350 ಹೆಸರುಗಳು 1953ರವು.

ನಮ್ಮ ಕೊಲಂಬಸ್ಸಿಗೆ ಈ ಕಥೆಯಲ್ಲಿ ಎರಡು ಪಾತ್ರಗಳಿವೆ. ಮೊದಲನೆಯದು ಎಂಜಿನ್. ಕಮಿನ್ಸ್ ಕಂಪನಿ ಹುಟ್ಟಿದ್ದು ಇಲ್ಲೇ, 1919ರಲ್ಲಿ. ಕೃಷಿ ಮತ್ತು ಕಟ್ಟಡ ಕೆಲಸದ ಯಂತ್ರಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಅದರ 5.9 ಲೀಟರಿನ ಆರು ಸಿಲಿಂಡರ್ ಡೀಸೆಲ್ ಎಂಜಿನ್ 1989ರ ಡಾಜ್ ರ‍್ಯಾಮ್ ಪಿಕಪ್ಪಿನಲ್ಲಿ ಕೂತಿತು. 160 ಅಶ್ವಶಕ್ತಿ ಕೇಳಲು ದೊಡ್ಡದಲ್ಲ. ಟಾರ್ಕ್ ಮಾತ್ರ 400 ಪೌಂಡ್-ಅಡಿ, ಅಂದರೆ ಸುಮಾರು 540 ನ್ಯೂಟನ್ ಮೀಟರ್, ಅದೂ ಕಡಿಮೆ ಸುತ್ತಿನಲ್ಲೇ. ಇದೇ ಜಾತಿಯ ಎಂಜಿನ್ ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆಯಿಂದ ಟಾಟಾ ಲಾರಿಗಳಿಗೂ ಬಂತು. ಹಾಗಾಗಿ ಇಲ್ಲಿ ಬಾನೆಟ್ ಎತ್ತಿ ಮೊದಲ ಬಾರಿ ಅದನ್ನು ಕಂಡಾಗ ನನಗೆ ಹೊಸ ಮುಖ ಅನಿಸಲಿಲ್ಲ.

ಆ ಹಳೆಯ ಎಂಜಿನ್ನೇ ಜನರಿಗೆ ಅಪ್‌ಗ್ರೇಡ್ ಹುಚ್ಚು ಹಿಡಿಸಿದ್ದು. ಡೀಸೆಲ್ ಪಂಪಿನ ಒಂದು ಸ್ಕ್ರೂ ತಿರುಗಿಸಿದರೆ ಸಾಕು, ಹೆಚ್ಚು ಡೀಸೆಲ್ ಹೋಗಿ ಹೆಚ್ಚು ಟಾರ್ಕ್ ಬರುತ್ತಿತ್ತು. ಜೊತೆಗೆ ಕಪ್ಪು ಹೊಗೆ, ಸೈಲೆನ್ಸರ್ ಕಡೆ ಕಾದ ಗಾಳಿ. ಆ ಶಾಖ ಮಿತಿ ಮೀರಿದರೆ ಅಲ್ಯುಮಿನಿಯಂ ಪಿಸ್ಟನ್ನೇ ಕರಗಬಹುದು. ಎಂಜಿನ್ ತಾಳಿಕೊಂಡರೂ ಸೆಳೆತ ಕ್ಲಚ್, ಗೇರ್‌ಬಾಕ್ಸ್, ಜಾಯಿಂಟ್, ಹೌಸಿಂಗ್ (ಹಿಂದಿನ ಆಕ್ಸಲ್) ಎಂದು ಹಿಂದಕ್ಕೆ ಸಾಗಿ ಎಲ್ಲಿ ಬಲ ಕಡಿಮೆಯೋ ಅಲ್ಲಿ ಮುರಿಯುತ್ತದೆ.

ಎರಡನೆಯ ಪಾತ್ರ ಕಂಪನಿ ಕಟ್ಟಿದ ಕ್ಲೆಸ್ಸಿ ಕಮಿನ್ಸ್. ಒಬ್ಬ ಬ್ಯಾಂಕರನ ಮನೆಯ ಕಾರ್ ಡ್ರೈವರ್ ಆಗಿದ್ದವನು. ಡೀಸೆಲ್ಲಿನ ಶಕ್ತಿ ತೋರಿಸಲು 1931ರಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲಿಸ್‌ಗೆ ಲಾರಿ ಓಡಿಸಿಕೊಂಡು ಹೊರಟ. ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆ ಇಳಿಯುವಾಗ ಬ್ರೇಕ್ ಕಾದು ಕೈಕೊಟ್ಟವು. ಕೆಳಗೆ ರಸ್ತೆಗೆ ಅಡ್ಡವಾಗಿ ಗೂಡ್ಸ್ ರೈಲು ಸಾಗುತ್ತಿತ್ತು. ಕೂದಲೆಳೆಯ ಅಂತರದಲ್ಲಿ ಉಳಿದ. ಡೀಸೆಲ್ ಎಂಜಿನ್ ಏರುವುದರಲ್ಲಿ ಗಟ್ಟಿಗ, ಇಳಿಯುವಾಗ ಗಾಡಿಯನ್ನು ಹಿಡಿದು ನಿಲ್ಲಿಸುವುದರಲ್ಲಿ ಪೆಟ್ರೋಲಿನದಕ್ಕಿಂತಲೂ ಸಡಿಲ. ಏಕೆಂದರೆ ಅದಕ್ಕೆ ಗಾಳಿ ತಡೆಯುವ ಥ್ರಾಟಲ್ ಇಲ್ಲ. ಒತ್ತಿದ ಗಾಳಿ ಸ್ಪ್ರಿಂಗಿನ ಹಾಗೆ ಪಿಸ್ಟನ್ನನ್ನು ವಾಪಸ್ ದಬ್ಬುತ್ತದೆ.

ಕ್ಲೆಸ್ಸಿ ಇದನ್ನು ಮರೆಯಲಿಲ್ಲ. ಇಳಿವಯಸ್ಸಿನಲ್ಲಿ, 1950ರ ದಶಕದಲ್ಲಿ, ಉತ್ತರ ಕಂಡುಕೊಂಡ: ಗಾಳಿ ಪೂರ್ತಿ ಒತ್ತಿದ ಗಳಿಗೆಯಲ್ಲೇ ಎಕ್ಸಾಸ್ಟ್ ವಾಲ್ವ್ ತೆರೆದುಬಿಡುವುದು. ದಬ್ಬಬೇಕಾದ ಗಾಳಿ ಹೊರಗೆ ಹಾರಿಹೋಗುತ್ತದೆ, ಎಂಜಿನ್ ಬರೀ ಕಂಪ್ರೆಸರ್ ಆಗಿ ಗಾಡಿಯ ವೇಗವನ್ನು ತಿನ್ನುತ್ತದೆ. ಡ್ರಿಲ್ಲಿನ ಚಕ್ ತಯಾರಿಸುತ್ತಿದ್ದ ಜೇಕಬ್ಸ್ ಎಂಬ ಕಂಪನಿ ಇದನ್ನು 1961ರಲ್ಲಿ ಮಾರುಕಟ್ಟೆಗೆ ತಂದಿತು. ಲಾರಿಯವರು ಇಂದಿಗೂ ಅದನ್ನು ‘ಜೇಕ್’ ಎನ್ನುತ್ತಾರೆ. ಘಟನೆಗೂ ಮದ್ದಿಗೂ ನಡುವೆ ಮೂವತ್ತು ವರ್ಷ. ಪಿಕಪ್ಪಿಗೆ ಬೇರೆ ವಿಧಾನದ ಎಕ್ಸಾಸ್ಟ್ ಬ್ರೇಕ್ ಟರ್ಬೊದೊಳಗೇ ಸೇರಿ ಬಂದದ್ದು 2007ರಲ್ಲಿ, ಕಮಿನ್ಸ್ 6.7 ಲೀಟರ್ ಎಂಜಿನ್ ಜೊತೆಗೆ.

ನಮ್ಮ ಮನೆಯ ಲಾರಿ ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಅರಬೈಲ್ ಘಾಟಿಯಲ್ಲಿ ಇಳಿಯುವಾಗ ನಮ್ಮ ಡ್ರೈವರ್ ಮಾಮ ಹೇಳುತ್ತಿದ್ದುದು ಎಂಜಿನ್ನಿನಿಂದಲೇ ಗಾಡಿ ಹಿಡಿಯುವ ಇದೇ ವಿದ್ಯೆ: “ಏರಿದ ಗೇರಿನಾಗ ಇಳೀಬೇಕು ತಮ್ಮಾ. ಬ್ರೇಕ್ ನಂಬ್ಕೊಂಡು ನ್ಯೂಟ್ರಲ್ ಮಾಡಬ್ಯಾಡ.”

ಟ್ರೈಲರ್ ಕೊಂಡಿಯ ಕಥೆಯೂ ಇಂಥದೇ. ಬಂಪರಿನ ಕೆಳಗಿನ ಗುಂಡಿಗೆ ಭಾರ ಕಟ್ಟಿದರೆ ಅದು ಹಿಂದಿನ ಹೌಸಿಂಗಿನಾಚೆ ನೇತಾಡಿ ಪಿಕಪ್ಪಿನ ಮೂತಿಯನ್ನು ಎತ್ತುತ್ತದೆ. ಸ್ಟೇರಿಂಗ್ ಹಗುರಾಗುತ್ತದೆ, ಗಾಳಿ ಬೀಸಿದರೆ ಟ್ರೈಲರ್ ಬಾಲ ಬೀಸುತ್ತದೆ. ಅದಕ್ಕೇ ಭಾರಿ ಲೋಡಿಗೆ ಗೂಸ್‌ನೆಕ್: ತೊಟ್ಟಿಯ ನಡುವೆ, ಹೌಸಿಂಗಿನ ನೆತ್ತಿಯ ಮೇಲೆಯೇ ಗುಂಡು. ನಾನು ಅದನ್ನು ಕೂರಿಸುವಾಗ ತೊಟ್ಟಿಯ ತಗಡಿಗೆ ತೂತು ಕೊರೆಯುತ್ತೇನೆ, ಆದರೆ ಭಾರ ಹೊರುವುದು ಆ ತಗಡಲ್ಲ, ಕೆಳಗೆ ಚಾಸಿಗೆ ಬಿಗಿದ ಉಕ್ಕಿನ ಅಡ್ಡಪಟ್ಟಿಗಳು. ಆಮೇಲೆ ಎರಡು ಸರಪಳಿ, ಏಳು ಪಿನ್ನಿನ ವೈರ್, ಕೊನೆಗೊಂದು ಸಣ್ಣ ಕೇಬಲ್. ಕೊಂಡಿ ಕಳಚಿದರೆ ಆ ಕೇಬಲ್ ಪಿನ್ ಕಿತ್ತು ಟ್ರೈಲರ್ ತನ್ನ ಬ್ಯಾಟರಿಯಿಂದಲೇ ಬ್ರೇಕ್ ಹಿಡಿಯುತ್ತದೆ. ಟ್ರೈಲರಿನ ವಿದ್ಯುತ್ ಬ್ರೇಕನ್ನು ಹತೋಟಿಯಲ್ಲಿಡುವ ಸಾಧನವನ್ನು ಫೋರ್ಡ್ ಕಾರ್ಖಾನೆಯಲ್ಲೇ ಡ್ಯಾಶ್‌ಬೋರ್ಡಿಗೆ ಸೇರಿಸಿದ್ದು 2005ರ ಸೂಪರ್ ಡ್ಯೂಟಿಯಲ್ಲಿ. ಅಷ್ಟರವರೆಗೆ ಕೊಂಡವರು ತಾವೇ ಹಾಕಿಸಿಕೊಳ್ಳಬೇಕಿತ್ತು.

ಜಾಹೀರಾತಿನ ಎಳೆತದ ಅಂಕಿಗೂ ಬಹುಕಾಲ ಲಂಗುಲಗಾಮು ಇರಲಿಲ್ಲ, ಪ್ರತಿ ಕಂಪನಿಗೂ ತನ್ನದೇ ತಕ್ಕಡಿ. ಎಸ್‌ಎಇ ಎಂಬ ಎಂಜಿನಿಯರುಗಳ ಸಂಘ 2008ರಲ್ಲಿ ಜೆ2807 ಎಂಬ ಒಂದೇ ಅಳತೆ ಕೊಟ್ಟಿತು. ಅದರ ಪ್ರಕಾರ ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಸುಡುಬಿಸಿಲಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ನಿಗದಿತ ವೇಗಕ್ಕಿಂತ ಕೆಳಗಿಳಿಯದೆ ಏರಬೇಕು. 2019ರಲ್ಲಿ ರ‍್ಯಾಮ್ 1,000 ಪೌಂಡ್-ಅಡಿ ಟಾರ್ಕ್ ಮುಟ್ಟಿತು. 2023ರ ಫೋರ್ಡ್ 1,200ಕ್ಕೆ ಹೋಗಿ, 40,000 ಪೌಂಡ್, ಅಂದರೆ ಸುಮಾರು 18 ಟನ್ ಎಳೆಯುವೆನೆಂದಿತು.

ಇಷ್ಟಾದರೂ ಪ್ರತಿ ಪಿಕಪ್ಪಿನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿ ಬದಲಾಗುವುದಿಲ್ಲ. ಎಕ್ಸ್‌ಟ್ರಾ ಪಾಟಾ, ಗಾಳಿಚೀಲ, ದಪ್ಪ ಟೈರು ಏನೇ ಹಾಕಿಸಿದರೂ ಕಾರ್ಖಾನೆ ಬರೆದ ಒಟ್ಟು ತೂಕದ ಮಿತಿ ಅದೇ. ಗಾಳಿಚೀಲ ಕುಸಿದ ಬೆನ್ನನ್ನು ನೇರ ಮಾಡುತ್ತದೆ, ಹೌಸಿಂಗನ್ನು ಗಟ್ಟಿ ಮಾಡುವುದಿಲ್ಲ.

ಅದಕ್ಕೇ ನಾನು ಎಸ್ಟಿಮೇಟನ್ನು ಈ ಚರಿತ್ರೆಗೆ ತಲೆಕೆಳಗಾಗಿ ಬರೆಯುತ್ತೇನೆ: ಮೊದಲು ಟೈರು, ಬ್ರೇಕು, ಟ್ರೈಲರ್ ಬ್ರೇಕಿನ ಕಂಟ್ರೋಲರು, ಆಮೇಲೆ ಕೊಂಡಿ, ಆಮೇಲೆ ಗೇರ್‌ಬಾಕ್ಸ್ ಆಯಿಲ್ ತಣಿಸುವ ಕೂಲರು, ಕಟ್ಟಕಡೆಗೆ ಎಂಜಿನ್. ಕೆಲವರು ಮುಖ ಸಿಂಡರಿಸಿ ಬೇರೆ ಕಡೆ ಹೋಗುತ್ತಾರೆ, ಹೋಗಲಿ. ಪಿಕಪ್ ಮತ್ತು ಟ್ರೈಲರಿನ ಮಿತಿ ಕೂಡಿ 26,000 ಪೌಂಡ್ ದಾಟಿ, ಟ್ರೈಲರಿನದೊಂದೇ 10,000 ಮೀರಿದರೆ, ಬಾಡಿಗೆಗೆ ಓಡಿಸುವವನಿಗೆ ಇಲ್ಲಿ ಲಾರಿಯವರ ಲೈಸೆನ್ಸೇ ಬೇಕು. ಸ್ವಂತದ ಕುದುರೆ ಒಯ್ಯುವವನಿಗೆ ಎಷ್ಟೋ ಕಡೆ ವಿನಾಯಿತಿ ಉಂಟು. ಆದರೆ ಇಳಿಜಾರು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಲಾರಿಯ ಭಾರ ಕಟ್ಟಿಕೊಂಡವನು ಲಾರಿ ಡ್ರೈವರನ ಬುದ್ಧಿಯನ್ನೂ ಕಲಿಯಬೇಕು.