ಬೇಯಿಸಿದರೂ ಹೋಗದ ಮೀನಿನ ವಿಷ: ತಿಳಿದಿರಬೇಕಾದ ವಿಷಯಗಳು

ಕರಾವಳಿಯಲ್ಲಿ ಮೀನಿಲ್ಲದ ಊಟ ಅಪರೂಪ. ಆದರೆ 'ಚೆನ್ನಾಗಿ ಬೇಯಿಸಿದ್ರೆ ಏನೂ ಆಗಲ್ಲ' ಎಂಬ ಮಾತು ಪೂರ್ತಿ ನಿಜವಲ್ಲ. ಮೀನಿನಲ್ಲಿ ಕಂಡುಬರುವ ಕೆಲವು ವಿಷಗಳು ಬೇಯಿಸಿದರೂ, ಹುರಿದರೂ, ಫ್ರಿಡ್ಜ್‌ನಲ್ಲಿಟ್ಟರೂ ನಾಶವಾಗುವುದಿಲ್ಲ.

ಹಿಸ್ಟಮಿನ್

ಬಂಗುಡೆ, ಬೂತಾಯಿ, ಟ್ಯೂನಾ ಮೀನುಗಳನ್ನು ಐಸ್ ಇಲ್ಲದೆ ಬಿಸಿಲಿನಲ್ಲಿಟ್ಟರೆ ಬ್ಯಾಕ್ಟೀರಿಯಾಗಳು ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಉಂಟುಮಾಡುತ್ತವೆ. ಮೀನು ನೋಡಲು ಚೆನ್ನಾಗಿಯೇ ಇರಬಹುದು, ವಾಸನೆಯೂ ಬರದಿರಬಹುದು. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ಎದೆಬಡಿತ ಶುರುವಾಗುತ್ತದೆ. ಇದನ್ನು ಮೀನಿನ ಅಲರ್ಜಿ ಎಂದು ತಪ್ಪು ತಿಳಿಯುವವರೇ ಹೆಚ್ಚು. ಸಾಮಾನ್ಯವಾಗಿ ಒಂದು ದಿನದಲ್ಲಿ ಕಡಿಮೆಯಾಗುತ್ತದೆ. ಹಿಡಿದಾಗಿನಿಂದ ಅಡುಗೆಮನೆ ತಲುಪುವವರೆಗೆ ಮೀನು ಐಸ್‌ನಲ್ಲಿರುವುದೇ ಇದಕ್ಕೆ ತಡೆ.

ಸಿಗುವಾಟೆರಾ

ಹವಳದ ದಿಬ್ಬಗಳಲ್ಲಿ ಬೆಳೆಯುವ ಸೂಕ್ಷ್ಮ ಪಾಚಿಯೊಂದರ ವಿಷವಿದು. ಪಾಚಿ ತಿಂದ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರಿ, ತಲೆ, ಯಕೃತ್ತು, ಮೊಟ್ಟೆಯಲ್ಲಿ ಹೆಚ್ಚು ಉಳಿಯುತ್ತದೆ. 2016ರಲ್ಲಿ ಮಂಗಳೂರಿನಲ್ಲಿ ಕೆಂಬೇರಿ (ಕಾಸರಗೋಡು ಕಡೆ ಚೆಂಪಲ್ಲಿ) ಮೀನಿನ ತಲೆ ತಿಂದ ಬಹಳಷ್ಟು ಮಂದಿ ಆಸ್ಪತ್ರೆ ಸೇರಿದ್ದರು. ಅದು ಸಿಗುವಾಟೆರಾ ಎಂದು ವರದಿಯಾಗಿತ್ತು. ವಾಂತಿ, ಭೇದಿಯ ಜೊತೆಗೆ ತುಟಿ, ಕೈಕಾಲು ಜುಮುಗುಟ್ಟುತ್ತವೆ. ತಣ್ಣೀರು ಮುಟ್ಟಿದರೆ ಸುಟ್ಟಂತಾಗುತ್ತದೆ. ಈ ತೊಂದರೆ ವಾರ, ತಿಂಗಳುಗಳವರೆಗೂ ಇರಬಹುದು. ಹಾಗಂತ ಕೆಂಬೇರಿಯೆಲ್ಲ ವಿಷವಲ್ಲ. ಆದರೆ ಹವಳದ ದಿಬ್ಬದ ದೊಡ್ಡ ಮೀನುಗಳ ತಲೆ, ಒಳಭಾಗ ಬಿಡುವುದು ಒಳ್ಳೆಯದು.

ಟೆಟ್ರೊಡೊಟಾಕ್ಸಿನ್

ಬಲೂನಿನಂತೆ ಊದಿಕೊಳ್ಳುವ ಪಫರ್ ಮೀನಿನ ವಿಷ ಇದು, ಮೂರರಲ್ಲಿ ಅತ್ಯಂತ ಅಪಾಯಕಾರಿ. ತುಟಿ, ನಾಲಿಗೆ ಮರಗಟ್ಟಿ, ಕೈಕಾಲು ಸೋತು, ಕೊನೆಗೆ ಉಸಿರಾಟವೇ ನಿಲ್ಲಬಹುದು. ಪ್ರತಿವಿಷ ಇಲ್ಲ, ವೆಂಟಿಲೇಟರ್ ನೆರವಿನಿಂದ ಜೀವ ಉಳಿಸಬೇಕು. ಬಾಂಗ್ಲಾದೇಶದಲ್ಲಿ 2008ರಲ್ಲಿ ಇದನ್ನು ತಿಂದ 141 ಮಂದಿ ಅಸ್ವಸ್ಥರಾಗಿ, 17 ಮಂದಿ ಮೃತಪಟ್ಟಿದ್ದರು. ಜಪಾನಿನಲ್ಲಿ ಪರವಾನಗಿ ಇರುವ ಬಾಣಸಿಗರು ಮಾತ್ರ ಇದನ್ನು ಸಿದ್ಧಪಡಿಸಬಹುದು. ಬಲೆಗೆ ಸಿಕ್ಕಿದರೂ ಮನೆಗೆ ತರಬಾರದು.

ತಿಂದ ಮೇಲೆ ತೊಂದರೆಯಾದರೆ

ಮನೆಮದ್ದು ಮಾಡುತ್ತಾ ಕೂರಬೇಡಿ. ತುಟಿ ಮರಗಟ್ಟಿದರೆ ಅಥವಾ ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ಮೀನು, ಯಾವ ಭಾಗ, ಎಷ್ಟು ಹೊತ್ತಿಗೆ ತಿಂದದ್ದು ಎಂಬುದನ್ನು ವೈದ್ಯರಿಗೆ ಹೇಳಿ. ಉಳಿದ ಮೀನನ್ನು ಬಿಸಾಡದೆ ತೋರಿಸಿ. ಅದೇ ಅಡುಗೆ ತಿಂದ ಮನೆಯ ಇತರರ ಮೇಲೂ ಗಮನವಿರಲಿ.