ಕೀಲಿಯೋ, ಅಕ್ಷರವೋ?

ಕೀಲಿಮಣೆಯಲ್ಲಿ ‘ಎಚ್’ ಎಂದು ಬರೆದಿರುವ ಕೀಲಿಯನ್ನು ನೀವು ಒತ್ತಿದಾಗ ಗಣಕಯಂತ್ರಕ್ಕೆ ತಲುಪುವುದೇನು? ‘ಎಚ್ ಎಂಬ ಅಕ್ಷರ’ ಎಂದು ಉತ್ತರಿಸಿದರೆ ಅದು ಅರ್ಧ ಮಾತ್ರ ಸರಿ. ಅಕ್ಷರವನ್ನೇ ಕಳುಹಿಸುವುದು ಒಂದು ಪದ್ಧತಿ. ಯಾವ ಸ್ಥಾನದ ಕೀಲಿಯನ್ನು ಒತ್ತಲಾಯಿತು ಎಂದಷ್ಟೇ ತಿಳಿಸುವುದು ಇನ್ನೊಂದು ಪದ್ಧತಿ. ಈ ಎರಡರ ಚರಿತ್ರೆಯನ್ನು ಅರಿತರೆ, ವರ್ಚುಯಲ್ ಯಂತ್ರಗಳೊಡನೆ ಕೆಲಸ ಮಾಡುವಾಗ ಎದುರಾಗುವ ಹಲವು ಒಗಟುಗಳು ಬಿಡಿಸಿಕೊಳ್ಳುತ್ತವೆ.

ಅಕ್ಷರ ಕಳುಹಿಸುವ ಪದ್ಧತಿ ತಂತಿ ಸಂದೇಶದ ಕಾಲದಿಂದ ಬಂದದ್ದು. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಸಂಕೇತಮಾಲೆ ಪ್ರಕಟವಾಯಿತು. ಅದರಲ್ಲಿ ದೊಡ್ಡ ಎಚ್ ಅಕ್ಷರಕ್ಕೆ 72 ಎಂಬ ಸಂಖ್ಯೆ. ಅದೇ ಕಾಲದ ‘ಮಾದರಿ 33’ ಟೆಲಿಟೈಪ್ ಯಂತ್ರವು ಈ ಸಂಖ್ಯೆಯ ಬಿಟ್ಟುಗಳನ್ನು ಒಂದರ ಹಿಂದೆ ಒಂದರಂತೆ ತಂತಿಯಲ್ಲಿ ಸಾಗಿಸುತ್ತಿತ್ತು. ಸಾಲಾಗಿ ಸಾಗುವುದರಿಂದಲೇ ಇದಕ್ಕೆ ‘ಸೀರಿಯಲ್’ ಎಂಬ ಹೆಸರು. ಒಂದು ಅಕ್ಷರಕ್ಕೆ 11 ಬಿಟ್ಟು, ಸೆಕೆಂಡಿಗೆ 110 ಬಿಟ್ಟು. ಎಂದರೆ ಸೆಕೆಂಡಿಗೆ 10 ಅಕ್ಷರ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ಇಂಥ ಯಂತ್ರಗಳ ಮೂಲಕವೇ ಬಳಕೆದಾರರೊಡನೆ ಮಾತನಾಡಿತು. ಇಂದಿನ ಲಿನಕ್ಸ್‌ನಲ್ಲೂ ಕಾಣುವ ‘ಟಿಟಿವೈ’ ಎಂಬ ಹೆಸರು ಟೆಲಿಟೈಪ್‌ನ ನೆನಪೇ.

ವರ್ಚುಯಲ್ ಯಂತ್ರವೂ ಆ ಕಾಲದ ಕೂಸು. ಒಂದು ಗಣಕದೊಳಗೆ ತಂತ್ರಾಂಶವೇ ಇನ್ನೊಂದು ಗಣಕದ ವೇಷ ಧರಿಸುವುದು ಇದರ ಮರ್ಮ. ಐಬಿಎಂ ಸಂಸ್ಥೆಯ ಕೇಂಬ್ರಿಜ್ ಕೇಂದ್ರದಲ್ಲಿ 1967ರಲ್ಲಿ ಸಿಪಿ-40 ಎಂಬ ವ್ಯವಸ್ಥೆ ಬಳಕೆಗೆ ಬಂದಿತು. 1972ರಲ್ಲಿ ವಿಎಂ/370 ಪ್ರಕಟವಾಯಿತು. ಅಲ್ಲಿ ಬಳಕೆದಾರನ ಮುಂದಿದ್ದ ಟರ್ಮಿನಲ್ಲೇ ಅವನ ವರ್ಚುಯಲ್ ಯಂತ್ರದ ಕನ್ಸೋಲ್, ಎಂದರೆ ನಿಯಂತ್ರಣ ಪೀಠ, ಆಗುತ್ತಿತ್ತು. ಅಕ್ಷರಗಳು ಒಳಗೆ ಹೋಗುತ್ತಿದ್ದವು, ಅಕ್ಷರಗಳು ಹೊರಗೆ ಬರುತ್ತಿದ್ದವು.

1981ರಲ್ಲಿ ಐಬಿಎಂ ಪೀಸಿ ಬಂದಾಗ ಚಿತ್ರ ಬದಲಾಯಿತು. ಅದರ ಕೀಲಿಮಣೆಗೆ ಅಕ್ಷರದ ಗೊಡವೆಯೇ ಇಲ್ಲ. ಅದು ತಿಳಿಸುವುದು ಕೀಲಿಯ ಸ್ಥಾನಸಂಖ್ಯೆಯನ್ನು ಮಾತ್ರ. ಒತ್ತಿದಾಗ ಒಂದು ಸಂಖ್ಯೆ, ಬಿಟ್ಟಾಗ ಅದಕ್ಕೆ 128 ಕೂಡಿಸಿದ ಇನ್ನೊಂದು ಸಂಖ್ಯೆ. ದೊಡ್ಡ ಎಚ್ ಮೂಡಿಸಲು ಎಡಗಡೆಯ ಶಿಫ್ಟ್ ಒತ್ತಿದರೆ 42, ಎಚ್ ಒತ್ತಿದರೆ 35, ಎಚ್ ಬಿಟ್ಟರೆ 163, ಶಿಫ್ಟ್ ಬಿಟ್ಟರೆ 170. ಟೆಲಿಟೈಪ್ ಒಂದೇ ಸಂಖ್ಯೆಯಲ್ಲಿ ಹೇಳಿದ್ದನ್ನು ಪೀಸಿ ನಾಲ್ಕರಲ್ಲಿ ಹೇಳುತ್ತದೆ. ಇವು ಯಾವ ಅಕ್ಷರ ಎಂದು ತೀರ್ಮಾನಿಸುವುದು ಗಣಕದ ತಂತ್ರಾಂಶದ ಕೆಲಸ.

ಈ ಏರ್ಪಾಟು ನಮ್ಮ ಭಾಷೆಗಳಿಗೆ ಅನುಕೂಲವೇ ಆಯಿತು. 1986ರಲ್ಲಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಪ್ರಮಾಣೀಕರಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಎಚ್ ಕೀಲಿಯಿಂದ ‘ಪ’ ಮೂಡುತ್ತದೆ, ಕೆ. ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ವಿನ್ಯಾಸದಲ್ಲಿ ‘ಹ’ ಮೂಡುತ್ತದೆ. ಕೀಲಿಮಣೆ ಕಳುಹಿಸುವುದು ಎಲ್ಲ ಸಂದರ್ಭದಲ್ಲೂ ಅದೇ 35. ಅರ್ಥ ಹಚ್ಚುವ ಕೆಲಸ ಆಮೇಲಿನದಾದ್ದರಿಂದ, ಕನ್ನಡಕ್ಕೆಂದು ಬೇರೆ ಕೀಲಿಮಣೆ ಮಾಡಿಸಬೇಕಾಗಲಿಲ್ಲ.

ಈಗ ಪೀಸಿಯ ವೇಷ ಹಾಕುವ ತಂತ್ರಾಂಶದ ಕಷ್ಟವನ್ನು ಊಹಿಸಿ. 1999ರಲ್ಲಿ ವಿಎಂವೇರ್ ವರ್ಕ್‌ಸ್ಟೇಷನ್, 2003ರಲ್ಲಿ ಫಾಬ್ರಿಸ್ ಬೆಲ್ಲಾರ್ಡ್ ಅವರ ಕ್ಯೂಇಎಂಯು ಬಂದವು. ಇವುಗಳೊಳಗೆ ಓಡುವ ಅತಿಥಿ ವ್ಯವಸ್ಥೆಗೆ ತನ್ನ ಮುಂದೆ ನಿಜವಾದ ಕೀಲಿಮಣೆ ಇದೆಯೆಂದೇ ನಂಬಿಕೆ. ಆದ್ದರಿಂದ ಆ ನಾಲ್ಕೂ ಸಂಖ್ಯೆಗಳನ್ನು ಅದೇ ಕ್ರಮದಲ್ಲಿ ಒದಗಿಸಬೇಕು. ನೀವು ಜಾಲದ ಮೂಲಕ ದೂರದಿಂದ ಟೈಪು ಮಾಡುವಾಗ ಕೆಲವೊಮ್ಮೆ ಅಲ್ಲಿಗೆ ತಲುಪುವುದು ಅಕ್ಷರವೇ. ಆಗ ತಂತ್ರಾಂಶವು ಅಕ್ಷರದಿಂದ ಹಿಂದಕ್ಕೆ ನಡೆದು ಕೀಲಿಯ ಸ್ಥಾನವನ್ನು ಊಹಿಸಬೇಕಾಗುತ್ತದೆ. ಇಂಗ್ಲಿಷ್ ಕೀಲಿಮಣೆಯಲ್ಲಿ ‘ಕ್ಯೂ’ ಇರುವಲ್ಲಿ ಫ್ರೆಂಚ್ ಕೀಲಿಮಣೆಯಲ್ಲಿ ‘ಎ’ ಇದೆ. ಎರಡು ಕಡೆಯ ವಿನ್ಯಾಸಗಳು ಹೊಂದದಿದ್ದರೆ ಊಹೆ ತಪ್ಪುತ್ತದೆ. ಗುಪ್ತಪದ ಬರೆಯುವಾಗ ಅಕ್ಷರಗಳು ಪರದೆಯ ಮೇಲೆ ಕಾಣುವುದಿಲ್ಲ. ಸರಿಯಾಗಿ ಬರೆದವರೂ ಬಾಗಿಲ ಹೊರಗೇ ಉಳಿಯುತ್ತಾರೆ.

ಸೀರಿಯಲ್ ಕನ್ಸೋಲ್‌ನಲ್ಲಿ ಈ ತೊಡಕಿಲ್ಲ. 72 ಹೊರಟರೆ 72 ತಲುಪುತ್ತದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಸಂಕೇತದಲ್ಲಿ ‘ಪ’ ಅಕ್ಷರವೂ 3 ಬೈಟುಗಳಾಗಿ ಆ ತಂತಿಯಲ್ಲೇ ಸಾಗಬಲ್ಲದು. ಬಂದ ಮಾತೆಲ್ಲವನ್ನೂ ಕಡತದಲ್ಲಿ ಉಳಿಸಿ, ಯಂತ್ರ ಎಲ್ಲಿ ಎಡವಿತೆಂದು ನಿಧಾನವಾಗಿ ಓದಬಹುದು. ಆದರೆ ಇದಕ್ಕೂ ಮಿತಿಗಳಿವೆ. ಕೀಲಿಯನ್ನು ಬಿಟ್ಟ ಸುದ್ದಿ, ಬರಿಯ ಶಿಫ್ಟ್ ಒತ್ತಿದ ಸುದ್ದಿ ಇಲ್ಲಿ ಬರುವುದಿಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದ್ದಕ್ಕೆ ಆಸ್ಕಿಯಲ್ಲಿ ಅಕ್ಷರವಿಲ್ಲ. ಚಿತ್ರಗಳಂತೂ ದೂರದ ಮಾತು.

ಇನ್ನೊಂದು ಸಂಗತಿಯನ್ನು ನೆನಪಿಡಿ. ಕ್ಯೂಇಎಂಯುವನ್ನು ಚಿತ್ರಪರದೆಯಿಲ್ಲದೆ, ಸೀರಿಯಲ್ ತಂತಿಯೊಂದನ್ನೇ ನಂಬಿ ಓಡಿಸಿದಾಗ ಕೆಲವೊಮ್ಮೆ ಒಂದಕ್ಷರವೂ ಕಾಣದು. ಯಂತ್ರ ಸತ್ತಿತೆಂದು ವಿದ್ಯಾರ್ಥಿಗಳು ಕೈಬಿಡುವುದುಂಟು. ಒಳಗಿನ ಲಿನಕ್ಸ್ ಚೆನ್ನಾಗಿಯೇ ಓಡುತ್ತಿದ್ದು, ಕಾಣದ ಪರದೆಯತ್ತ ಮುಖಮಾಡಿ ಮಾತನಾಡುತ್ತಿರಬಹುದು. ಕನ್ಸೋಲ್ ಸೀರಿಯಲ್ ತಂತಿಯಲ್ಲಿದೆ ಎಂದು ಪ್ರಾರಂಭದಲ್ಲೇ ಅದಕ್ಕೆ ಸೂಚಿಸಿದರೆ ಮಾತು ಕೇಳಿಸುತ್ತದೆ.

ದತ್ತಾಂಶ ಕೇಂದ್ರಗಳ ಸಾವಿರಾರು ಗಣಕಗಳ ಮುಂದೆ ಕೀಲಿಮಣೆ ಇರುವುದಿಲ್ಲ. ಜಾಲಸಂಪರ್ಕ ಕಡಿದ ವರ್ಚುಯಲ್ ಯಂತ್ರವನ್ನು ರಿಪೇರಿ ಮಾಡಲು ಅನೇಕ ವೇಳೆ ಉಳಿಯುವ ದಾರಿ ಟೆಲಿಟೈಪ್ ಕಾಲದ ಈ ಸೀರಿಯಲ್ ಕನ್ಸೋಲೇ. ಯಂತ್ರ ನಿಮ್ಮ ಮಾತು ಕೇಳದಿದ್ದಾಗ ಮೊದಲು ಈ ಪ್ರಶ್ನೆ ಹಾಕಿಕೊಳ್ಳಿ: ನಾನು ಕಳುಹಿಸುತ್ತಿರುವುದು ಕೀಲಿಯನ್ನೋ, ಅಕ್ಷರವನ್ನೋ? ಆ ಕಡೆಯವರು ಕಾಯುತ್ತಿರುವುದು ಯಾವುದಕ್ಕೆ?